ಡಿಸೆಂಬರ್ 25ರ ಹಬ್ಬ, 31ರ ಲೆಕ್ಕ

ಮುಂಬೈಯ ನಮ್ಮ ಮನೆಗೆ ಕ್ರಿಸ್‌ಮಸ್ ದಿನ ಮೊದಲ ಸಲ ಬಂದವರಿಗೆ ಸ್ವಲ್ಪ ನಿರಾಶೆಯಾಗುವುದುಂಟು. ಬೆಳಗಿನ ಆರಾಧನೆ ಮುಗಿಸಿ ಬಂದ ಮೇಲೆ ನಾನು ಲುಂಗಿ ಸುತ್ತಿಕೊಂಡು ಕೂತುಬಿಡುತ್ತೇನೆ. ಮಧ್ಯಾಹ್ನ ಜೋಳದ ರೊಟ್ಟಿ, ಕೋಳಿ ಸಾರು, ಶೇಂಗಾ ಚಟ್ನಿ. ಬಂದವರ ಮುಂದಿಡುವ ತಟ್ಟೆಯಲ್ಲಿ ಕರ್ಚಿಕಾಯಿ, ಚಕ್ಕುಲಿ, ಅದರ ಪಕ್ಕಕ್ಕೆ ಒಂದು ತುಂಡು ಪ್ಲಮ್ ಕೇಕು. ಬೆಂಗಳೂರಿನ ಗೆಳೆಯರೊಬ್ಬರು ಒಮ್ಮೆ, "ಏನ್ರೀ, ಇದು ದೀಪಾವಳಿಯೋ ಕ್ರಿಸ್‌ಮಸ್ಸೋ?" ಅಂದಿದ್ದರು. ಆಗ ನಕ್ಕು ಸುಮ್ಮನಾದೆ. ಆಮೇಲೆ ಕೂತು ಯೋಚಿಸಿದಾಗ, ನಮ್ಮ ಹಬ್ಬದ ಒಂದೊಂದು ವಸ್ತುವೂ ಎಲ್ಲಿಂದಲೋ ಬಂದು ಜಮಾ ಆದದ್ದು ಅನ್ನಿಸಿತು. ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದವನಿಗೆ ಜಮಾ ಅಂದಮೇಲೆ ಲೆಕ್ಕ ಬರೆಯುವ ಚಾಳಿ ಬಿಡುತ್ತದೆಯೇ?

ಮೊದಲು ತಾರೀಖಿನ ಲೆಕ್ಕ. ಏಸು ಹುಟ್ಟಿದ ದಿನ ಇಂಥದು ಎಂದು ಬೈಬಲ್ಲಿನಲ್ಲಿ ಎಲ್ಲೂ ಹೇಳಿಲ್ಲ. ಡಿಸೆಂಬರ್ 25 ಎಂಬುದು ಸಿಗುವ ಹಳೆಯ ದಾಖಲೆ ಕ್ರಿ.ಶ. 354ರ ಒಂದು ರೋಮನ್ ಪಂಚಾಂಗ. ಆಮೇಲಿನ ಶತಮಾನಗಳಲ್ಲಿ ಯುರೋಪಿನಲ್ಲಿ ಅದು ಊರಹಬ್ಬದಂತೆ ಬೆಳೆಯಿತು. ಕುಡಿತ, ಕುಣಿತ, ಜೂಜು ಎಲ್ಲ ಸೇರಿಕೊಂಡವು. ಬೇಸತ್ತ ಪ್ಯೂರಿಟನ್ ಪಂಥದವರು 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಿಂದಲೇ ಹಬ್ಬವನ್ನು ರದ್ದು ಮಾಡಿಸಿದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿ ಸಿಕ್ಕಿಬಿದ್ದರೆ 5 ಶಿಲಿಂಗ್ ದಂಡ! ಹಬ್ಬವೆಂದರೆ ಹೀಗೇ ಇರಬೇಕು ಎಂದು ಹಟ ಹಿಡಿಯುವವರಿಗೆ ನಾನು ಇದನ್ನೇ ಹೇಳುವುದು. ಭಕ್ತರೇ ಈ ಹಬ್ಬಕ್ಕೆ ದಂಡ ಹಾಕಿದ ಕಾಲವೂ ಒಂದಿತ್ತು.

ಬೀದಿಯ ಹಬ್ಬ ಮನೆಯೊಳಗಿನ, ಮಕ್ಕಳ ಹಬ್ಬವಾದದ್ದು ಹೆಚ್ಚಾಗಿ 19ನೇ ಶತಮಾನದಲ್ಲಿ. ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಬಂದದ್ದು 1843ರ ಡಿಸೆಂಬರಿನಲ್ಲಿ. ಅದೇ ವರ್ಷ ಹೆನ್ರಿ ಕೋಲ್ ಎಂಬಾತ ಪತ್ರ ಬರೆಯಲು ಪುರುಸೊತ್ತಿಲ್ಲದೆ ಶುಭಾಶಯದ ಕಾರ್ಡನ್ನೇ ಅಚ್ಚು ಹಾಕಿಸಿದ. ಸುಮಾರು 1000 ಪ್ರತಿ, ಒಂದಕ್ಕೆ ಒಂದು ಶಿಲಿಂಗ್. ಶೃಂಗರಿಸಿದ ಮರ ಜರ್ಮನರ ಪದ್ಧತಿ. ವಿಕ್ಟೋರಿಯಾ ರಾಣಿ, ಜರ್ಮನಿಯಿಂದ ಬಂದ ಆಕೆಯ ಗಂಡ ಆಲ್ಬರ್ಟ್ ಮತ್ತು ಮಕ್ಕಳು ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂತು. ಅಲ್ಲಿಂದ ಮುಂದೆ ಇಂಗ್ಲಿಷರ ಮನೆಮನೆಗೂ ಮರ ಬಂತು.

ನಮ್ಮ ಧಾರವಾಡಕ್ಕೆ ಮಾತ್ರ ಈ ಹಬ್ಬ ಲಂಡನ್ ದಾರಿ ಹಿಡಿದು ಬರಲಿಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಅವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಕಾರ್ಡೂ ಡಿಕನ್ಸ್‌ನ ಕಥೆಯೂ ಹೊರಬಂದ ಅದೇ 1843ರ ಜುಲೈ 1ರಂದು, ಇವರಲ್ಲೊಬ್ಬರಾದ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದರು. ಕಿಟೆಲ್ಲರ ನಿಘಂಟು (1894) ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮಂಥ ಮನೆಗಳಲ್ಲಿ ಕ್ರಿಸ್‌ಮಸ್ಸೂ ಅಚ್ಚಾದ ಕನ್ನಡವೂ ಒಂದೇ ಬಾಗಿಲಿನಿಂದ ಒಳಗೆ ಬಂದವು.

1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳನ್ನು ಸರಕಾರ ಬಂಧಿಸಿತು, ಮುಂದೆ ಅವರ ದೇಶಕ್ಕೆ ಕಳಿಸಿಬಿಟ್ಟಿತು. ಹಬ್ಬ ತಂದವರು ಹೋದರು, ಹಬ್ಬ ಉಳಿಯಿತು. ಅದು ನಿಜವಾಗಿ ನಮ್ಮದಾದದ್ದು ಆಗಲೇ ಅಂತ ನನ್ನ ಎಣಿಕೆ. ನಾನು ಹುಡುಗನಿದ್ದಾಗ ನಮ್ಮನೆಯಲ್ಲಿ ಮರವೆಂದರೆ ಸರ್ವೆ ಮರದ ಒಂದು ಟೊಂಗೆ, ಡಾಲ್ಡಾ ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟದ್ದು. ಹಿಮ ಕಂಡವರು ಯಾರೂ ಇರಲಿಲ್ಲ, ಆದರೆ ಧಾರವಾಡದ ಕಡೆ ಹತ್ತಿಗೆ ಏನು ಬರ? ಟೊಂಗೆಯ ತುಂಬ ಹತ್ತಿಯನ್ನೇ ಹರಡುತ್ತಿದ್ದೆವು. ಬಿದಿರುಕಡ್ಡಿಗೆ ಬಣ್ಣದ ಹಾಳೆ ಅಂಟಿಸಿದ ನಕ್ಷತ್ರ ಬಾಗಿಲಿಗೆ. ಕೇಕು ಬೇಯುತ್ತಿದ್ದದ್ದು ಮರಳು ಹಾಸಿದ ಪಾತ್ರೆಯಲ್ಲಿ, ಮುಚ್ಚಳದ ಮೇಲೆ ಕೆಂಡ. ಅದು ಒಂದು ಕಡೆ ಸೀಯದೆ ಬಂದ ವರ್ಷವೇ ನನಗೆ ನೆನಪಿಲ್ಲ. ಕರ್ಚಿಕಾಯಿಯ ಕೆಲಸವಂತೂ ಓಣಿಯ ಹೆಂಗಸರದು, ಜಾತಿಮತ ಕೇಳುವ ಪದ್ಧತಿ ಇರಲಿಲ್ಲ. ದೀಪಾವಳಿಗೆ ಅವ್ವ ಅವರ ಮನೆಗೆ ಹೋಗಿ ಲಟ್ಟಿಸುತ್ತಿದ್ದಳು, ಕ್ರಿಸ್‌ಮಸ್ಸಿಗೆ ಅವರು ನಮ್ಮ ಮನೆಗೆ. ಒಣಕೊಬ್ಬರಿ, ಪುಟಾಣಿ, ಗಸಗಸೆ, ಏಲಕ್ಕಿ ಎರಡೂ ಹಬ್ಬಕ್ಕೆ ಒಂದೇ.

1982ರಲ್ಲಿ ಎಂ.ಕಾಂ. ಮುಗಿಸಿ ಮುಂಬೈಯ ಬ್ಯಾಂಕೊಂದಕ್ಕೆ ಸೇರಿದೆ. ಧಾರವಾಡ 1956ರ ಅಕ್ಟೋಬರ್ 31ರವರೆಗೆ ಮುಂಬೈ ಸರಕಾರದ ಕೈಕೆಳಗೇ ಇದ್ದ ಜಿಲ್ಲೆ. ಅಪ್ಪನಿಗೆ ಮುಂಬೈ ಪರಊರು ಅನ್ನಿಸಲೇ ಇಲ್ಲ. "ಒಂದು ರಾತ್ರಿ ದಾರಿ, ಮಿರಜದಾಗ ಗಾಡಿ ಬದಲಿ ಮಾಡಿದ್ರ ಆತು, ಹಬ್ಬಕ್ಕ ಬಂದು ಹೋಗಪಾ" ಅಂದಿದ್ದ. ಅಷ್ಟು ಸುಲಭವಿರಲಿಲ್ಲ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಬ್ಯಾಂಕುಗಳ ವಾರ್ಷಿಕ ಲೆಕ್ಕ ಮುಗಿಯುತ್ತಿದ್ದದ್ದು ಮಾರ್ಚ್ 31ಕ್ಕಲ್ಲ, ಡಿಸೆಂಬರ್ 31ಕ್ಕೆ. ಕಂಪ್ಯೂಟರ್ ಇಲ್ಲದ ಕಾಲ. ಒಂದೊಂದು ಉಳಿತಾಯ ಖಾತೆಗೂ ಬಡ್ಡಿಯನ್ನು ಕೈಯಲ್ಲೇ ಹಾಕಬೇಕು, ಲೆಡ್ಜರು ಟ್ಯಾಲಿ ಮಾಡಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿಯೆಲ್ಲ ಅದರ ಬೆನ್ನು ಹತ್ತಬೇಕು. 25ಕ್ಕೆ ರಜೆ ಖಂಡಿತ, ಆದರೆ ಅದರ ಹಿಂದೆ ಮುಂದೆ ರಜೆ ಕೇಳುವುದು ಅಪರಾಧ.

1987ರ ಡಿಸೆಂಬರಿನಲ್ಲಿ ಅಪ್ಪನ ಇನ್‌ಲ್ಯಾಂಡ್ ಪತ್ರ ಬಂತು. ಮೈಯಲ್ಲಿ ಆರಾಮಿಲ್ಲ, ಈ ಸಲವಾದರೂ ಬಾ ಎಂದು ಬರೆದಿದ್ದ. ಅರ್ಜಿ ಕೊಟ್ಟೆ, ಸಿಗಲಿಲ್ಲ. ಮೇಲಿನವರು ಕೆಟ್ಟವರೇನಲ್ಲ, ಅವರಿಗೂ ಕ್ಲೋಸಿಂಗ್ ತಲೆಯ ಮೇಲೆ ಕೂತಿತ್ತು. ಶುಭಾಶಯದ ತಾರು ಕಳಿಸಿದೆ. ಲೆಕ್ಕ ಟ್ಯಾಲಿ ಆಯಿತು. ಜನವರಿ ಎರಡನೇ ವಾರದಲ್ಲಿ ಅಪ್ಪ ತೀರಿಕೊಂಡ. ಮಣ್ಣು ಮುಗಿಸಿ ಬಂದ ಮೇಲೆ ಅಕ್ಕ ಒಂದು ಡಬ್ಬಿ ತಂದು ಕೈಯಲ್ಲಿಟ್ಟಳು. "ಯಾರಿಗೂ ಮುಟ್ಟಗೊಡಲಿಲ್ಲಪಾ. ತಮ್ಮ ಬಂದಮ್ಯಾಲೆ ಕೊಡು ಅಂದಿದ್ದರು." ಒಳಗೆ ಕರ್ಚಿಕಾಯಿ, ಕೊಬ್ಬರಿ ಮುಗ್ಗಲು ಹಿಡಿಯುತ್ತಿತ್ತು.

ಆ ವರ್ಷವೇ ಬ್ಯಾಂಕುಗಳ ಲೆಕ್ಕದ ವರ್ಷ ಬದಲಾಯಿತು. 1988ರ ಜನವರಿಯಿಂದ 1989ರ ಮಾರ್ಚ್ 31ರವರೆಗೆ, ಹದಿನೈದು ತಿಂಗಳ ಒಂದು ಲೆಕ್ಕ. 1988ರ ಡಿಸೆಂಬರ್ ಕೊನೆಯಲ್ಲಿ ಶಾಖೆ ತಣ್ಣಗಿತ್ತು. ಬೇಕಾದಷ್ಟು ರಜೆ ಇತ್ತು. ಒಂದೇ ಒಂದು ವರ್ಷ ತಡವಾಗಿ.

ಆ ಸಲ ನಾವು ಊರಿಗೆ ಹೋಗಲಿಲ್ಲ, ಅವ್ವ ಮುಂಬೈಗೆ ಬಂದಳು. ಬರುವಾಗ ಕರ್ಚಿಕಾಯಿಯ ಅಂಚು ಕತ್ತರಿಸುವ ಹಿತ್ತಾಳೆ ಚಕ್ರವನ್ನು ಸೀರೆಯ ಗಂಟಿನಲ್ಲಿ ಕಟ್ಟಿ ತಂದಿದ್ದಳು. ಮುಂಬೈಯ ನಮ್ಮ ಮನೆಯ ಹಬ್ಬಕ್ಕೆ ಅದೇ ಅಡಿಗಲ್ಲು. ಮರಾಠಿ ನೆರೆಯವರು "ಅರೇ, ಇದು ನಮ್ಮ ಕರಂಜಿ!" ಅಂದರು. ಅಂದಿನಿಂದ ದೀಪಾವಳಿಗೆ ಅವರ ಫರಾಳದ ತಟ್ಟೆ ಈಚೆಗೆ, ಡಿಸೆಂಬರಿನಲ್ಲಿ ನಮ್ಮ ತಟ್ಟೆ ಆಚೆಗೆ. ಮೇಲಿನ ಮಹಡಿಯ ಜೈನರ ಮನೆಗಾಗಿ ನನ್ನ ಹೆಂಡತಿ ಮೊಟ್ಟೆಯಿಲ್ಲದ ಕೇಕು ಕಲಿತಳು. ಕೆಳಗಿನ ಮಹಡಿಯ ಮಂಗಳೂರು ಕೆಥೊಲಿಕರು ಕುಸ್ವಾರ್ ಕಳಿಸುತ್ತಾರೆ. ಅವರ ಮನೆಯ ಗೋದಲಿ ನೋಡಿ ನಮ್ಮ ಮಕ್ಕಳೂ ಹಟ ಮಾಡಿದರು. ನಮ್ಮ ಹಿರಿಯರಲ್ಲಿ ಇಲ್ಲದ ಪದ್ಧತಿ, ಆದರೆ 1223ರಲ್ಲಿ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊದಲ್ಲಿ ಶುರು ಮಾಡಿದ್ದಕ್ಕೆ ನಾವೇಕೆ ಬೇಡ ಅನ್ನಬೇಕು? ಹಳೆಯ ಚಪ್ಪಲಿ ಡಬ್ಬಿಯಲ್ಲೇ ಕೊಟ್ಟಿಗೆ ಎದ್ದಿತು.

ಕೇಕಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕ್ರಿಸ್‌ಮಸ್ ಕೇಕು ಮೊದಲು ತಯಾರಾದದ್ದು 1883ರಲ್ಲಿ, ಕೇರಳದ ತಲಶ್ಶೇರಿಯಲ್ಲಿ, ಮಾಂಬಳ್ಳಿ ಬಾಪು ಎಂಬವರ ಬೇಕರಿಯಲ್ಲಿ ಎಂದು ಅಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಅದೇ ತಲಶ್ಶೇರಿಯಲ್ಲಿ 1839ರಿಂದ ಬಾಸೆಲ್ ಮಿಷನ್ನಿನ ಗುಂಡರ್ಟ್ ಕೂತು ಮಲಯಾಳಕ್ಕೆ ದುಡಿದಿದ್ದರು. ಹೀಗೆ ಎಲ್ಲಿಂದ ಎಲ್ಲಿಗೆ ಎಳೆ ಹಿಡಿದರೂ ಪರಿಚಯದ ಊರೇ ಸಿಗುತ್ತದೆ.

2020ರಲ್ಲಿ ಕೊರೋನಾದಿಂದಾಗಿ ಡಿಸೆಂಬರ್ 22ರಿಂದ ಮಹಾರಾಷ್ಟ್ರದ ಮಹಾನಗರಗಳಲ್ಲಿ ರಾತ್ರಿ 11ರ ಮೇಲೆ ಕರ್ಫ್ಯೂ ಇತ್ತು. ನಡುರಾತ್ರಿಯ ಆರಾಧನೆ ಇಲ್ಲ, ಮನೆಮನೆಗೆ ಹೋಗಿ ಹಾಡುವುದೂ ಇಲ್ಲ. ಧಾರವಾಡದ ಅಕ್ಕ ವಿಡಿಯೋ ಕಾಲ್ ಮಾಡಿ, "ಹಾಡ್ರೆಪಾ, ನಾ ಇಲ್ಲಿಂದ ದನಿಗೂಡಸ್ತೇನಿ" ಅಂದಳು. 1818ರಲ್ಲಿ ಆಸ್ಟ್ರಿಯಾದ ಒಬರ್ನ್‌ಡೋರ್ಫಿನಲ್ಲಿ ಮೊದಲು ಹಾಡಿದ ಆ ಶಾಂತರಾತ್ರಿಯ ಹಾಡನ್ನು ಕನ್ನಡದಲ್ಲಿ ಹಾಡಿದೆವು. ಫೋನಿನಲ್ಲಿ ಅವಳ ದನಿ ಒಂದು ಸಾಲು ಹಿಂದೆ ಬರುತ್ತಿತ್ತು. ಕರ್ಫ್ಯೂ ಹೋಯಿತು, ಆ ಫೋನ್ ಹಾಡು ಹೋಗಲಿಲ್ಲ. ಈಗ ಮೊಮ್ಮಗಳೂ ಸೇರುತ್ತಾಳೆ. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ದೇವನಾಗರಿಯಲ್ಲಿ ಬರೆದುಕೊಟ್ಟಿದ್ದೇನೆ. ಇದು ಲಾಭವೋ ನಷ್ಟವೋ, ಯಾವ ಕಡೆಗೆ ಬರೆಯಬೇಕೆಂದು ತಿಳಿಯದೆ ಸದ್ಯಕ್ಕೆ ಸಸ್ಪೆನ್ಸ್ ಖಾತೆಯಲ್ಲಿಟ್ಟಿದ್ದೇನೆ.

ಮಗ ದಿಲ್ಲಿಯಲ್ಲಿದ್ದಾನೆ, ಎಷ್ಟೋ ಸಲ ರಜೆ ಸಿಗುವುದಿಲ್ಲ. ಬಾ ಎಂದು ನಾನು ಒತ್ತಾಯ ಮಾಡುವುದಿಲ್ಲ. ಒಂದು ಡಬ್ಬಿ ಕರ್ಚಿಕಾಯಿ ತುಂಬಿ ಬೇರೆ ಇಡುತ್ತೇವೆ, ಅಷ್ಟೆ. ಜನವರಿ ಹತ್ತರವರೆಗೆ ಅದನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅವನು ಬರದಿದ್ದರೆ ಕೊರಿಯರಿನಲ್ಲಿ ಹೋಗುತ್ತದೆ. ಮುಗ್ಗಲು ಬರಬಾರದೆಂದು ಕೊಬ್ಬರಿಯನ್ನು ಮಾತ್ರ ನಾನೇ ನಿಂತು ಎರಡು ಸಲ ಹುರಿಸುತ್ತೇನೆ.