ಕುಷ್ಠರೋಗಾಣು

ಕುಷ್ಠರೋಗವನ್ನು ಉಂಟುಮಾಡುವ ಕಡ್ಡಿಯಾಕಾರದ ಬ್ಯಾಕ್ಟೀರಿಯ. ಶಾಸ್ತ್ರೀಯ ಹೆಸರು ಮೈಕೋಬ್ಯಾಕ್ಟೀರಿಯಮ್ ಲೆಪ್ರೆ. ಕ್ಷಯದ ರೋಗಾಣುವಿನ ಕುಲಕ್ಕೇ ಸೇರಿದ್ದು. ನಾರ್ವೆಯ ಬರ್ಗನ್ ನಗರದ ವೈದ್ಯ ಹ್ಯಾನ್ಸೆನ್ 1873ರಲ್ಲಿ ಇದನ್ನು ರೋಗಿಗಳ ಚರ್ಮದ ಗಂಟುಗಳಲ್ಲಿ ಗುರುತಿಸಿದ. ಅಲ್ಲಿಯವರೆಗೆ ಕುಷ್ಠವು ರಕ್ತದಲ್ಲೇ ಇಳಿದುಬರುವ ರೋಗವೆಂದು ಅಲ್ಲಿನ ಅನೇಕ ವೈದ್ಯರು ನಂಬಿದ್ದರು. ನಮ್ಮಲ್ಲಿ ಪೂರ್ವಜನ್ಮದ ಪಾಪವೆಂದು ಹೇಳಿ, 'ಮಹಾರೋಗ', 'ದೊಡ್ಡರೋಗ' ಎಂದು ಕರೆದು ರೋಗಿಯನ್ನು ಊರಾಚೆ ಇಟ್ಟರು.

ಈ ಜೀವಿಯ ಮುಖ್ಯ ಲಕ್ಷಣ ನಿಧಾನ. ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಇದಕ್ಕೆ ಸುಮಾರು ಎರಡು ವಾರ ಬೇಕು. ಸೋಂಕು ತಗುಲಿ ಮಚ್ಚೆ ಕಾಣಿಸಿಕೊಳ್ಳಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷ ಹಿಡಿಯುತ್ತದೆ. ಯಾರಿಂದ ಬಂತು ಎಂದು ಬೆರಳು ತೋರಿಸುವುದಕ್ಕೆ ಆಧಾರವೇ ಇರುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಇದನ್ನು ಬೆಳೆಸಲು ಈವರೆಗೆ ಆಗಿಲ್ಲ. 1960ರಲ್ಲಿ ಇಲಿಯ ಪಾದದಲ್ಲಿ, 1971ರಲ್ಲಿ ಅಮೆರಿಕದ ಆರ್ಮಡಿಲೊ ಪ್ರಾಣಿಯಲ್ಲಿ ಬೆಳೆಸಿದರು. 2001ರಲ್ಲಿ ಇದರ ವಂಶವಾಹಿಗಳ ಪೂರ್ಣ ನಕ್ಷೆ ಹೊರಬಂದಾಗ ಕಾರಣವೂ ತಿಳಿಯಿತು: ಅವುಗಳಲ್ಲಿ ಬಹಳಷ್ಟು ಕೆಟ್ಟು ನಿಂತಿವೆ. ಇನ್ನೊಂದು ಜೀವಕೋಶದ ಒಳಗಲ್ಲದೆ ಇದಕ್ಕೆ ಬಾಳಿಲ್ಲ.

ಇದು ತಂಪು ಜಾಗಗಳನ್ನು ಹುಡುಕುತ್ತದೆ: ಕಿವಿ, ಮೂಗು, ಕೈಕಾಲು. ಅಲ್ಲಿ ನರವನ್ನು ಸುತ್ತಿರುವ ಕೋಶಗಳಿಗೆ ಸೇರಿಕೊಳ್ಳುತ್ತದೆ. ಬೆರಳುಗಳನ್ನು ರೋಗಾಣುವೇ ತಿಂದುಹಾಕುತ್ತದೆ ಎಂಬುದು ತಪ್ಪು. ನರ ಸತ್ತಾಗ ನೋವು ಹೋಗುತ್ತದೆ. ಕೈಕಾಲು ಕಾಯುತ್ತಿದ್ದದ್ದು ಆ ನೋವೇ. ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯಂಥ ಬೇಸಾಯದ ಸೀಮೆಯಲ್ಲಿ ಇದು ಎಷ್ಟು ದೊಡ್ಡ ನಷ್ಟವೆಂದು ವಿವರಿಸಬೇಕಿಲ್ಲ. ಬರಿಗಾಲಲ್ಲಿ ಗದ್ದೆಗಿಳಿದವರಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ಮುದ್ದೆಯ ಪಾತ್ರೆ ಇಳಿಸಿದ ಕೈಗೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಸೌದೆ ಒಡ್ಡಿದ ಕೈಗೆ ಸುಟ್ಟದ್ದು ತಿಳಿಯುವುದಿಲ್ಲ. ಗಾಯ ಹುಣ್ಣಾಗಿ, ಹುಣ್ಣು ಮೂಳೆಗಿಳಿದು, ಬೆರಳು ಮೊಟಕಾಗುತ್ತದೆ.

ರೋಗ ಹರಡುವುದು ಚಿಕಿತ್ಸೆಯಾಗದ ರೋಗಿಯ ಮೂಗು-ಬಾಯಿಯ ಹನಿಗಳಿಂದ, ಅದೂ ದೀರ್ಘಕಾಲದ ಒಡನಾಟದಲ್ಲಿ. ಕೈ ಕುಲುಕಿದರೆ, ಪಂಕ್ತಿಯಲ್ಲಿ ಕೂತು ಉಂಡರೆ ಬರುವುದಿಲ್ಲ. ಹೆಚ್ಚಿನವರ ದೇಹ ಇದನ್ನು ತಾನೇ ತಡೆಯುತ್ತದೆ.

ಮೈಬಣ್ಣಕ್ಕಿಂತ ತಿಳಿಯಾದ ಅಥವಾ ಕೆಂಪಗಿನ, ತುರಿಸದ, ಮುಟ್ಟಿದರೆ ಅರಿವಾಗದ ಮಚ್ಚೆ ಮೊದಲ ಸೂಚನೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ವಿಚಾರಿಸುವುದು ಇದನ್ನೇ. ನೋವಿಲ್ಲದ ಮಚ್ಚೆಗೆ ಆಸ್ಪತ್ರೆಗೆ ಹೋಗಬೇಕೆಂದು ಯಾರಿಗೂ ತೋಚದು. ಅಂಗವಿಕಲತೆಯ ಬಹುಪಾಲು ಈ ತಡದಿಂದಲೇ ಬಂದದ್ದು. ತೊನ್ನು ಬೇರೆ: ಅದು ಅಚ್ಚ ಬಿಳುಪು, ಅಲ್ಲಿ ಸ್ಪರ್ಶ ಉಳಿದಿರುತ್ತದೆ, ಅಂಟುವುದೂ ಇಲ್ಲ.

ಔಷಧಿಯ ಚರಿತ್ರೆ ದೀರ್ಘ. ಚಾಲ್‌ಮೂಗ್ರ ಎಣ್ಣೆಯೊಂದೇ ಗತಿಯಾಗಿದ್ದ ಕಾಲದಲ್ಲಿ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು; ಒಂದೇ ಔಷಧಿಯನ್ನು ವರ್ಷಗಟ್ಟಲೆ ಕೊಟ್ಟದ್ದರಿಂದ ರೋಗಾಣು ಅದಕ್ಕೆ ಒಗ್ಗಿಕೊಂಡಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಕೂಡಿಸಿದ ಬಹುಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಭಾರತದ ನಿರ್ಮೂಲನಾ ಕಾರ್ಯಕ್ರಮ 1983ರಲ್ಲಿ ಮೊದಲಾಯಿತು. 2005ರ ಕೊನೆಗೆ ದೇಶದ ಒಟ್ಟು ಲೆಕ್ಕದಲ್ಲಿ ರೋಗ 10,000 ಜನರಲ್ಲಿ ಒಬ್ಬರಿಗಿಂತ ಕೆಳಗಿಳಿಯಿತು. ಅದನ್ನು 'ನಿರ್ಮೂಲನೆ' ಎಂದು ಕರೆದದ್ದರಿಂದ ರೋಗವೇ ಹೋಯಿತೆಂದು ಜನ ಭಾವಿಸಿದರು. ಹೋಗಿಲ್ಲ, ಹೊಸ ರೋಗಿಗಳು ಈಗಲೂ ಸಿಗುತ್ತಿದ್ದಾರೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರೆ ಉಚಿತ. ಮಚ್ಚೆ ಐದರೊಳಗಿದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು. ಶುರುವಾದ ಸ್ವಲ್ಪ ದಿನಕ್ಕೇ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ, ಮನೆಬಿಟ್ಟು ಹೋಗಬೇಕಿಲ್ಲ. ಮೂತ್ರ ಕೆಂಪಾಗುವುದು, ಮೈ ಕಪ್ಪಾಗುವುದು ಮಾತ್ರೆಯ ಗುಣ. ಹೆದರಿ ಬಿಡಬಾರದು. ಚಿಕಿತ್ಸೆಯ ನಡುವೆ ಅಥವಾ ಆಮೇಲೆ ಮಚ್ಚೆ ಊದಿ, ನರ ನೋಯತೊಡಗಿದರೆ ಅದು ಸತ್ತ ರೋಗಾಣುಗಳ ಮೇಲೂ ದೇಹ ತಿರುಗಿಬಿದ್ದ ಲಕ್ಷಣ. ಆಗ ವೈದ್ಯರ ನಿಗಾದಲ್ಲಿ ಪ್ರೆಡ್ನಿಸೋಲೋನ್ ಬೇಕು. ಒಂದು ವಾರದ ತಡವೂ ಕೈಯನ್ನು ಕಳೆಯಬಹುದು.

ಸತ್ತ ನರ ಮರಳುವುದಿಲ್ಲವಾದ್ದರಿಂದ ಗುಣವಾದವರಿಗೂ ಆರೈಕೆ ಉಳಿಯುತ್ತದೆ: ದಿನವೂ ಪಾದ ನೆನೆಸಿ ಎಣ್ಣೆ ಹಚ್ಚುವುದು, ಅಂಗಾಲು ನೋಡಿಕೊಳ್ಳುವುದು, ಮೆದು ರಬ್ಬರಿನ ಎಂಸಿಆರ್ ಚಪ್ಪಲಿ ಮೆಟ್ಟುವುದು. ಕಳಂಕವೂ ಬೇಗ ಹೋಗಲಿಲ್ಲ: ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಕಾಯ್ದೆಗಳಿಂದ ಆ ಮಾತನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ.