ಮಾದರಿ ವಿಶ್ವಸಂಸ್ಥೆಯಲ್ಲಿ ನಿರ್ಣಯ ರಚನೆ: ಹಂಪಿ ಸೇತುವೆ ಪ್ರಕರಣದ ಹಿನ್ನೆಲೆಯಲ್ಲಿ

ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಕುಳಿತು ಅಂತರರಾಷ್ಟ್ರೀಯ ಸಮಸ್ಯೆಯೊಂದನ್ನು ಚರ್ಚಿಸುವ ಕಲಿಕಾ ವಿಧಾನಕ್ಕೆ ಮಾದರಿ ವಿಶ್ವಸಂಸ್ಥೆ ಎಂದು ಹೆಸರು. ರಾಷ್ಟ್ರಸಂಘದ ಕಾಲದಲ್ಲಿಯೇ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಪದ್ಧತಿ ಇಂದು ಭಾರತದ ಅನೇಕ ಶಾಲೆ ಕಾಲೇಜುಗಳಲ್ಲಿ ರೂಢಿಯಲ್ಲಿದೆ. ಎರಡು ಮೂರು ದಿನಗಳ ಭಾಷಣ, ಸಂಧಾನ, ವಾಗ್ವಾದಗಳೆಲ್ಲ ಮುಗಿದ ಮೇಲೆ ಸಭೆಯ ಕೈಯಲ್ಲಿ ಉಳಿಯುವುದು ಒಂದು ಬರಹ ಮಾತ್ರ. ಅದೇ ನಿರ್ಣಯ. ನಮ್ಮ ಭಾಗದ ಗ್ರಾಮ ಪಂಚಾಯಿತಿ ಮತ್ತು ಸಹಕಾರ ಸಂಘಗಳಲ್ಲಿ ಇದನ್ನು ಠರಾವು ಎನ್ನುತ್ತಾರೆ. ಸೂಚಕರು ಯಾರು, ಅನುಮೋದಕರು ಯಾರು, ಏನು ಠರಾಯಿಸಲಾಯಿತು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡುವ ಕಾರ್ಯದರ್ಶಿಗೆ ಈ ವಿದ್ಯೆಯ ಅರ್ಧಭಾಗ ಆಗಲೇ ಗೊತ್ತಿರುತ್ತದೆ.

ಉತ್ತಮ ವಾಗ್ಮಿಗಳಾದ ವಿದ್ಯಾರ್ಥಿಗಳು ಬಹುಮಟ್ಟಿಗೆ ಸೋಲುವುದು ಈ ಬರಹದಲ್ಲಿ. ಮಾತಿನಲ್ಲಿ ಹೊಂದುವ ಅಸ್ಪಷ್ಟತೆ ನಿರ್ಣಯದಲ್ಲಿ ಹೊಂದುವುದಿಲ್ಲ. ಇಂಥದೊಂದು ಬರಹ ಒಂದು ಊರಿನ ಮೇಲೆ ಎಷ್ಟು ಪರಿಣಾಮ ಬೀರಬಲ್ಲದು ಎಂಬುದಕ್ಕೆ ಹೊಸಪೇಟೆಯ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ.

ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. 1990ರ ದಶಕದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಎರಡು ಸೇತುವೆಗಳ ಕಾಮಗಾರಿ ನಡೆಯಿತು. ಒಂದು ತಳವಾರಘಟ್ಟ ಮತ್ತು ಆನೆಗೊಂದಿಯ ನಡುವಿನ ವಾಹನ ಸೇತುವೆ, ಇನ್ನೊಂದು ವಿರುಪಾಪುರ ಗಡ್ಡೆಯ ಕಾಲುಸೇತುವೆ. ಇವುಗಳಿಂದ ಪಾರಂಪರಿಕ ಪರಿಸರಕ್ಕೆ ಧಕ್ಕೆಯಾಗುತ್ತದೆಂದು 21 ಸದಸ್ಯ ರಾಷ್ಟ್ರಗಳ ವಿಶ್ವ ಪರಂಪರೆ ಸಮಿತಿಯು 1999ರಲ್ಲಿ ಮೊರಾಕ್ಕೋದ ಮರಕೇಶ್‌ನಲ್ಲಿ ಸೇರಿದ ತನ್ನ 23ನೆಯ ಅಧಿವೇಶನದಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕೆಲವೇ ಸಾಲುಗಳ ತೀರ್ಮಾನವದು. ಆದರೆ ಅದರ ಬಳಿಕ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಏಳು ವರ್ಷ ಉತ್ತರ ಹೇಳಬೇಕಾಯಿತು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕಾಗಿ 2002ರ ಕಾಯಿದೆ ಬಂತು, ಸಮಗ್ರ ನಿರ್ವಹಣಾ ಯೋಜನೆ ಸಿದ್ಧವಾಯಿತು, ಭಾರಿ ವಾಹನಗಳಿಗೆ ನಿರ್ಬಂಧ ಮತ್ತು ಬೇರೆಡೆ ಪರ್ಯಾಯ ಸೇತುವೆಯ ಮಾತು ನಡೆಯಿತು. 2006ರಲ್ಲಿ ಲಿಥುವೇನಿಯದ ವಿಲ್ನಿಯಸ್ ಅಧಿವೇಶನದಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ಸೇತುವೆ ಮಾತ್ರ ಪೂರ್ಣವಾಗಲೇ ಇಲ್ಲ. 2009ರ ಜನವರಿಯಲ್ಲಿ ನಿರ್ಮಾಣದ ಹಂತದಲ್ಲಿಯೇ ಕುಸಿದುಬಿದ್ದು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ ಆನೆಗೊಂದಿಯ ಜನರಿಗೆ ಸೇತುವೆ ಅಲಂಕಾರದ ವಸ್ತುವಾಗಿರಲಿಲ್ಲ. ಸ್ಮಾರಕ ಉಳಿಯಬೇಕೆಂಬುದು ಎಷ್ಟು ನಿಜವೋ ಹೊಳೆ ಏರಿದಾಗ ರೋಗಿಯನ್ನು ದಾಟಿಸಬೇಕೆಂಬುದೂ ಅಷ್ಟೇ ನಿಜ. ಮಾದರಿ ಅಧಿವೇಶನದಲ್ಲಿ ಈ ಪ್ರಕರಣವನ್ನು ಕೈಗೆತ್ತಿಕೊಳ್ಳುವವರು ಇವೆರಡನ್ನೂ ಒಂದೇ ಕರಡಿನಲ್ಲಿ ಹೇಗೆ ಹಿಡಿಯುತ್ತಾರೆಂಬುದೇ ನಿಜವಾದ ಪರೀಕ್ಷೆ. ಒಂದನ್ನು ಮಾತ್ರ ಹಿಡಿದ ಕರಡು ಓದಲು ಸೊಗಸಾಗಿರಬಹುದು, ಮತಕ್ಕೆ ಹಾಕಿದಾಗ ನಿಲ್ಲುವುದು ಕಷ್ಟ.

ಒಂದೇ ವಾಕ್ಯದ ಬರಹ

ವಿಶ್ವಸಂಸ್ಥೆಯ ನಿರ್ಣಯವು ಎಷ್ಟು ಪುಟಗಳಿದ್ದರೂ ವ್ಯಾಕರಣದ ದೃಷ್ಟಿಯಿಂದ ಒಂದೇ ವಾಕ್ಯ. "ಸಾಮಾನ್ಯ ಸಭೆಯು" ಎಂಬುದು ಕರ್ತೃ. ಅನಂತರ ಪೀಠಿಕಾ ಖಂಡಗಳು ಬರುತ್ತವೆ. ಇವುಗಳಿಗೆ ಸಂಖ್ಯೆ ಇರುವುದಿಲ್ಲ, ಒಂದೊಂದೂ ಅಲ್ಪವಿರಾಮದಿಂದ ಕೊನೆಗೊಳ್ಳುತ್ತದೆ. ಬಳಿಕ ಸಂಖ್ಯೆ ಹಾಕಿದ ಕಾರ್ಯಕಾರಿ ಖಂಡಗಳು. ಇವುಗಳ ನಡುವೆ ಅರ್ಧವಿರಾಮ. ಪೂರ್ಣವಿರಾಮ ಇಡೀ ಬರಹಕ್ಕೆ ಒಂದೇ, ಅದೂ ಕಟ್ಟಕಡೆಯಲ್ಲಿ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಟ್ಟು ವಿಚಿತ್ರವೆನಿಸುತ್ತದೆ. ಕನ್ನಡಕ್ಕೆ ಇದು ಸಹಜ. ಸ್ಮರಿಸಿ, ಗಮನಿಸಿ, ಮನಗಂಡು, ಕಳವಳಗೊಂಡು ಎಂಬ ಅಪೂರ್ಣ ಕ್ರಿಯೆಗಳನ್ನು ಸಾಲಾಗಿ ಪೋಣಿಸಿ ಕೊನೆಗೆ ಪೂರ್ಣ ಕ್ರಿಯಾಪದದಲ್ಲಿ ನಿಲ್ಲಿಸುವುದು ನಮ್ಮ ಶಾಸನಗಳ ಕಾಲದಿಂದ ಬಂದ ನಡೆ. ಒಂದು ತೊಡಕು ಮಾತ್ರ ಇದೆ. ಇಂಗ್ಲಿಷಿನ ಕಾರ್ಯಕಾರಿ ಖಂಡದಲ್ಲಿ ಕ್ರಿಯಾಪದ ಮೊದಲಿಗೇ ಕಾಣುತ್ತದೆ, ಕನ್ನಡದಲ್ಲಿ ಕೊನೆಗೆ ಬರುತ್ತದೆ. ಖಂಡ ಉದ್ದವಾದರೆ ಸಭೆ ಕೋರುತ್ತಿದೆಯೋ ಖಂಡಿಸುತ್ತಿದೆಯೋ ತಿಳಿಯಲು ಓದುಗ ಆರು ಸಾಲು ಕಾಯಬೇಕು. ಆದುದರಿಂದ ಕನ್ನಡದ ಕರಡಿನಲ್ಲಿ ಖಂಡಗಳು ಚಿಕ್ಕದಾಗಿರುವುದೇ ಲೇಸು.

ಪೀಠಿಕೆಯ ಕೆಲಸ ಹಿನ್ನೆಲೆಯನ್ನು ಸ್ಥಾಪಿಸುವುದು. ಹಂಪಿಯ ವಿಷಯವಾದರೆ 1972ರ ವಿಶ್ವ ಪರಂಪರೆ ಒಡಂಬಡಿಕೆಯನ್ನೂ ಭಾರತ ಅದನ್ನು 1977ರಲ್ಲಿ ಅಂಗೀಕರಿಸಿದ್ದನ್ನೂ ಸ್ಮರಿಸಬಹುದು. ಇಲ್ಲಿ ಪರಿಹಾರ ಸೂಚಿಸುವಂತಿಲ್ಲ. ಮೂರು ಪುಟದ ಪೀಠಿಕೆ ಬರೆದು ಎರಡು ಸಾಲಿನ ಕಾರ್ಯಕ್ರಮ ಇಡುವ ದೋಷ ಬಲು ಸಾಮಾನ್ಯ.

ಅಧಿಕಾರದ ಎಲ್ಲೆ

ಸಾಮಾನ್ಯ ಸಭೆಯ ನಿರ್ಣಯಗಳು ಸದಸ್ಯ ರಾಷ್ಟ್ರಗಳಿಗೆ ಶಿಫಾರಸುಗಳು ಮಾತ್ರ. ಭದ್ರತಾ ಮಂಡಳಿಯ ತೀರ್ಮಾನಗಳಿಗೆ ಸನ್ನದಿನ 25ನೆಯ ವಿಧಿಯಂತೆ ಸದಸ್ಯ ರಾಷ್ಟ್ರಗಳು ಬದ್ಧ. ಯಾವ ಸಭೆಯಲ್ಲಿ ಕುಳಿತಿದ್ದೇವೆ ಎಂಬುದನ್ನು ಮರೆತವರು "ಆದೇಶಿಸುತ್ತದೆ" ಎಂದು ಬರೆದು ಅಧ್ಯಕ್ಷರಿಂದ ಕರಡನ್ನು ಮರಳಿ ಪಡೆಯುತ್ತಾರೆ. ಸಂಡೂರಿನ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನೇ ನೋಡಿ. 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದದ್ದು, 2013ರ ಏಪ್ರಿಲ್‌ನಲ್ಲಿ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿದ್ದು ನಮ್ಮ ಸರ್ವೋಚ್ಚ ನ್ಯಾಯಾಲಯ. ಅದಕ್ಕೆ ಆ ಅಧಿಕಾರವಿತ್ತು. ಸನ್ನದಿನ 2ನೆಯ ವಿಧಿಯ 7ನೆಯ ಉಪವಿಧಿಯು ದೇಶದ ಆಂತರಿಕ ವಿಷಯಗಳಲ್ಲಿ ವಿಶ್ವಸಂಸ್ಥೆಯ ಹಸ್ತಕ್ಷೇಪವನ್ನು ನಿಷೇಧಿಸುವುದರಿಂದ ಸಾಮಾನ್ಯ ಸಭೆ ಒಂದು ಗಣಿಯನ್ನು ಮುಚ್ಚಿಸಲಾರದು. ಗಣಿ ಪ್ರದೇಶಗಳ ಪುನಶ್ಚೇತನಕ್ಕೆ ಮಾರ್ಗಸೂಚಿಯನ್ನು ಶಿಫಾರಸು ಮಾಡಬಹುದು, ತಾಂತ್ರಿಕ ನೆರವು ಕೋರಬಹುದು. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರನ್ನು ಅಲ್ಲಿ ಮರೆಯದಿದ್ದರೆ ಇನ್ನೂ ಒಳ್ಳೆಯದು.

ಯಾರು, ಏನು, ಯಾವಾಗ

ತುಂಗಭದ್ರಾ ಜಲಾಶಯದಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ಸಂಪರ್ಕ ಕಡಿದುಹೋಗುವುದು ಈ ಭಾಗದವರಿಗೆ ಹೊಸತಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ನದಿಪಾತ್ರದ ಊರುಗಳೆಲ್ಲ ಆತಂಕದಲ್ಲಿದ್ದವು. ಜಲಾಶಯದ ಸುರಕ್ಷತೆ ಕುರಿತ ಕರಡಿನಲ್ಲಿ ವಿದ್ಯಾರ್ಥಿಯೊಬ್ಬರು "ನದಿ ತೀರದ ಜನರ ರಕ್ಷಣೆಗೆ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತದೆ" ಎಂದು ಬರೆದರೆಂದು ಇಟ್ಟುಕೊಳ್ಳಿ. ಇದನ್ನು ಯಾರೂ ವಿರೋಧಿಸುವುದಿಲ್ಲ, ಯಾರೂ ಜಾರಿಗೊಳಿಸುವುದೂ ಇಲ್ಲ. ಅಭ್ಯಾಸಕ್ಕಾಗಿ ಇದನ್ನು ಹೀಗೆ ತಿದ್ದಬಹುದು:

"1. ಅಣೆಕಟ್ಟುಗಳಿರುವ ಸದಸ್ಯ ರಾಷ್ಟ್ರಗಳು ನೀರು ಬಿಡುವುದಕ್ಕೆ ಕನಿಷ್ಠ 12 ಗಂಟೆ ಮುಂಚೆ ಕೆಳಗಿನ ಗ್ರಾಮಗಳಿಗೆ ಸ್ಥಳೀಯ ಭಾಷೆಯಲ್ಲಿ ಎಚ್ಚರಿಕೆ ತಲುಪಿಸುವ ವ್ಯವಸ್ಥೆಯನ್ನು ಎರಡು ವರ್ಷಗಳೊಳಗೆ ರೂಪಿಸಬೇಕೆಂದು ಕೋರುತ್ತದೆ;

2. ಈ ವ್ಯವಸ್ಥೆಯ ಪ್ರಗತಿ ಕುರಿತು ಮುಂದಿನ ಅಧಿವೇಶನಕ್ಕೆ ವರದಿ ಸಲ್ಲಿಸುವಂತೆ ಮಹಾಕಾರ್ಯದರ್ಶಿಯವರನ್ನು ವಿನಂತಿಸುತ್ತದೆ;"

ಈಗ ವಿರೋಧಿಗಳು ಏಳುತ್ತಾರೆ. ಗೇಟೇ ಮುರಿದಾಗ 12 ಗಂಟೆ ಎಲ್ಲಿಂದ ಬರಬೇಕು, ಬಡ ರಾಷ್ಟ್ರಗಳಿಗೆ ಹಣ ಯಾರು ಕೊಡಬೇಕು ಎಂದು ಕೇಳುತ್ತಾರೆ. ಪ್ರಶ್ನೆಗಳು ನ್ಯಾಯವಾದವೇ. ತುರ್ತು ಸಂದರ್ಭಕ್ಕೆ ವಿನಾಯಿತಿ, ನೆರವಿನ ನಿಧಿ ಎಂಬ ಎರಡು ಖಂಡಗಳು ಹುಟ್ಟುವುದು ಇಂಥ ತಕರಾರಿನಿಂದಲೇ.

ಉಳಿದದ್ದು ವಿಧಿವಿಧಾನ. ಕರಡನ್ನು ರಚಿಸಿ ಬೆಂಬಲಿಸುವವರು ಸೂಚಕರು. ಸಹಿದಾರರು ಚರ್ಚೆಗೆ ಮಾತ್ರ ಒಪ್ಪಿದವರು, ಕರಡನ್ನೇ ಒಪ್ಪಿದವರೆಂದು ತಿಳಿಯಬಾರದು. ಎಲ್ಲ ಸೂಚಕರೂ ಸಮ್ಮತಿಸಿದ ತಿದ್ದುಪಡಿ ನೇರವಾಗಿ ಸೇರುತ್ತದೆ, ಇಲ್ಲವಾದರೆ ಮತಕ್ಕೆ ಹೋಗುತ್ತದೆ. ಎಷ್ಟು ಸಹಿ ಬೇಕು ಎಂಬುದನ್ನು ಆಯಾ ಅಧಿವೇಶನದ ನಿಯಮಾವಳಿ ಹೇಳುತ್ತದೆ. ಮತಕ್ಕೆ ಮುನ್ನ ಎದುರು ಪಕ್ಷದ ಒಬ್ಬರಿಗೆ ಕರಡನ್ನು ಓದಲು ಕೊಡುವುದು ಅನುಭವಿಗಳ ಪದ್ಧತಿ.

ಭದ್ರತಾ ಮಂಡಳಿಯ ಅನೇಕ ನಿರ್ಣಯಗಳ ಕಡೆಯ ಖಂಡವು ವಿಷಯವನ್ನು ಪರಿಶೀಲನೆಯಲ್ಲಿ ಇರಿಸಿಕೊಳ್ಳಲು ನಿರ್ಧರಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಅರ್ಥ ಯೋಚಿಸದೆ ನಕಲು ಮಾಡುವುದುಂಟು. ಕಡತ ಮುಚ್ಚಿಲ್ಲ, ಮತ್ತೆ ಕೇಳುತ್ತೇವೆ ಎಂಬುದು ಅದರ ತಾತ್ಪರ್ಯ. ಅಪಾಯದ ಪಟ್ಟಿಯಲ್ಲಿದ್ದಷ್ಟು ಕಾಲ ಹಂಪಿಯ ಕಡತವನ್ನೂ ವಿಶ್ವ ಪರಂಪರೆ ಸಮಿತಿ ಹೀಗೆಯೇ ಮತ್ತೆ ಮತ್ತೆ ತೆರೆಯುತ್ತ ಬಂತು.