‘ಆಯಃಶೂಲಿಕ’: ಒಂದು ನಿಂದಾಪದದ ವಿಚಾರ

ಆಯುಧದ ಹೆಸರಿನಿಂದ ಹುಟ್ಟಿದ ಪದವೊಂದು ಬೈಗುಳವಾದಾಗ, ಆ ಆಯುಧವನ್ನು ನಿಜವಾಗಿಯೂ ಹಿಡಿದು ನಡೆಯುವವನಿಗೆ ಅದು ಸಲ್ಲುತ್ತದೆಯೇ? ಕ್ರಿ.ಪೂ. 2ನೆಯ ಶತಮಾನದಲ್ಲಿಯೇ ಪತಂಜಲಿಯು ಈ ಪ್ರಶ್ನೆಯನ್ನೆತ್ತಿದ್ದಾನೆ. ಪಾಣಿನಿಯ 5.2.76ನೆಯ ಸೂತ್ರವು ‘ಅಯಃಶೂಲ’ (ಕಬ್ಬಿಣದ ಶೂಲ), ‘ದಂಡಾಜಿನ’ (ದಂಡ ಮತ್ತು ಜಿಂಕೆಯ ಚರ್ಮ) ಎಂಬ ಪದಗಳಿಂದ, ಅವುಗಳ ಮೂಲಕ ಏನನ್ನಾದರೂ ಅರಸುವವನು ಎಂಬರ್ಥದಲ್ಲಿ ‘ಆಯಃಶೂಲಿಕ’, ‘ದಾಂಡಾಜಿನಿಕ’ ಎಂಬ ರೂಪಗಳನ್ನು ಸಾಧಿಸುತ್ತದೆ. ಎರಡೂ ನಿಂದೆಯೇ. ಎರಡನೆಯದು ತಪಸ್ವಿಯ ವೇಷ ತೊಟ್ಟ ಡಂಭಾಚಾರಿಗೆ ಸಲ್ಲುವಂಥದು.

ತೊಡಕಿರುವುದು ಮೊದಲನೆಯದರಲ್ಲಿ. ಶೂಲದಿಂದ ಅರಸುವವನೇ ಆಯಃಶೂಲಿಕನಾದರೆ, ಶೂಲಧಾರಿಯಾದ ಶಿವಭಾಗವತನಿಗೂ ಆ ಹೆಸರು ಬಂದೀತು ಎಂಬುದು ಮಹಾಭಾಷ್ಯದ ಆಕ್ಷೇಪ. ಹಾಗಾಗದಂತೆ ಪತಂಜಲಿಯು ಶೂಲವನ್ನು ಉಪಮೆಯಾಗಿ ಗ್ರಹಿಸುತ್ತಾನೆ: ಮೃದುವಾದ ಉಪಾಯದಿಂದ ಪಡೆಯಬೇಕಾದುದನ್ನು ದುಡುಕಿನಿಂದ, ಬಲಾತ್ಕಾರದಿಂದ ಪಡೆಯಹೊರಟವನೇ ಆಯಃಶೂಲಿಕ. ಅವನ ಕೈಯಲ್ಲಿ ಶೂಲವೇ ಇರಬೇಕಾಗಿಲ್ಲ.

ಶೈವಪಂಥಗಳ ಚರಿತ್ರೆಯಲ್ಲಿ ಈ ಭಾಗವು ಸುಪರಿಚಿತ. ಪುಣೆಯ ರಾ. ಗೋ. ಭಂಡಾರಕರರು 1913ರ ತಮ್ಮ ಗ್ರಂಥದಲ್ಲಿ ಶಿವಭಕ್ತರ ಪ್ರಾಚೀನತೆಗೆ ಇದನ್ನು ಆಧಾರವಾಗಿ ಬಳಸಿದರು; ಅದು ಯುಕ್ತವೇ. ಆದರೆ ‘ಆಯಃಶೂಲಿಕ’ವನ್ನೇ ಪಂಥದ ಹೆಸರೆಂದು ತಿಳಿದರೆ ಭಾಷ್ಯವು ತಲೆಕೆಳಗಾಗುತ್ತದೆ. ಭಕ್ತನಿಗೆ ಈ ಪದವು ತಗುಲದಿರಲೆಂದೇ ಅಲ್ಲಿ ಅಷ್ಟು ವಿಚಾರ ನಡೆದಿದೆ. ಅಂಥ ಗೊಂದಲಕ್ಕೆ ಅಂದು ಲೋಕದಲ್ಲಿಯೂ ಎಡೆಯಿದ್ದಿರಬೇಕೆಂದು ನಮ್ಮ ಊಹೆ. ವೈಯಾಕರಣರು ಉದಾಹರಣೆಗಳನ್ನು ಬರಿಯ ಗಾಳಿಯಿಂದ ಹಿಡಿದು ತರುವವರಲ್ಲ.

ಕಾಶಿಕಾವೃತ್ತಿಯು ಈ ಪದಕ್ಕೆ ‘ಸಾಹಸಿಕ’ ಎಂದು ಅರ್ಥ ಕೊಡುತ್ತದೆ. ಕನ್ನಡಿಗರಾದ ನಾವು ಎಡವುವುದು ಇಲ್ಲಿಯೇ. ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ಸ್ಮೃತಿಗಳ ವ್ಯವಹಾರಕಾಂಡದಲ್ಲಿ ‘ಸಾಹಸ’ವೆಂದರೆ ಎದುರಿಗೇ ಬಲಪ್ರಯೋಗದಿಂದ ಎಸಗುವ ಅಪರಾಧ, ದಂಡನೆಗೆ ಅರ್ಹವಾದದ್ದು. ಕನ್ನಡದಲ್ಲಾದರೋ ಅದೇ ಪದವು ಬಿರುದಿನ ಪಟ್ಟವನ್ನೇರಿದೆ. ರನ್ನನ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರು, ಸಾಹಸಭೀಮನೆಂದರೆ ಅವನ ಆಶ್ರಯದಾತ, ಚಾಳುಕ್ಯ ಸತ್ಯಾಶ್ರಯ. ಆ ಸತ್ಯಾಶ್ರಯನಿಗೇ ‘ಇರಿವಬೆಡಂಗ’ನೆಂಬ ಬಿರುದೂ ಉಂಟು. ಒಂದೆಡೆ ಇರಿಯುವ ಆಯುಧವು ನಿಂದೆಗೆ ಮೂಲವಾದರೆ, ಇನ್ನೊಂದೆಡೆ ಇರಿಯುವುದೇ ಬೆಡಗಾಗಿದೆ. ಹಿಂದೊಮ್ಮೆ ತರಗತಿಯಲ್ಲಿ ನಾವು ಕಾಶಿಕೆಯ ಆ ಪದಕ್ಕೆ ‘ಧೀರ’ನೆಂದು ಅರ್ಥ ಹೇಳಿ, ಮರುದಿನ ತಿದ್ದಿಕೊಳ್ಳಬೇಕಾಯಿತು.